ಮುದ್ದೇನಹಳ್ಳಿಯ ಅಂಗಳದಲ್ಲಿ

ತಾನು ಹೆತ್ತ ನದಿಗಳನ್ನೆಲ್ಲ ಪರರಿಗೆ ಧಾರೆಯೆರೆದ ಸೀಮೆ ಯಾವುದೆಂದು ಯಾರಾದರೂ ಕೇಳಿದರೆ ನಾನು ಚಿಕ್ಕಬಳ್ಳಾಪುರದತ್ತ ಕೈತೋರುವೆನು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಇಳಿಯುತ್ತದೆ; ದಕ್ಷಿಣ ಪಿನಾಕಿನಿಯು ತಮಿಳುನಾಡಿಗೆ ಮುಖಮಾಡುತ್ತದೆ. ಶಿಡ್ಲಘಟ್ಟ, ಚಿಂತಾಮಣಿಗಳ ರೈತನಿಗೆ ಉಳಿದುದು ಕೆರೆ, ಬಾವಿ ಮತ್ತು ಮುಗಿಲು. ಮಕ್ಕಳನ್ನೂ ಈ ನೆಲವು ಹಾಗೆಯೇ ಹೊರಗೆ ಕಳುಹಿಸಿಕೊಟ್ಟಿದೆ.

ಹಾಗೆ ಹೊರಟು ಹೋದವರಲ್ಲಿ ನನ್ನ ಸೋದರಮಾವನವರೂ ಒಬ್ಬರು. ಶಿಡ್ಲಘಟ್ಟದ ಬಳಿಯ ಹಳ್ಳಿಯಿಂದ ಬಂದು, 1975ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಪದವಿ ಪಡೆದವರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಆರಂಭವಾದ ಕಾಲೇಜು ಅದು. “ಆ ಮಹನೀಯರ ಮನೆಯನ್ನು ಒಮ್ಮೆ ನೋಡಬೇಕಪ್ಪ” ಎಂದು ಅವರು ಅಂದುದರಿಂದ ಕಳೆದ ರಜೆಯಲ್ಲಿ ಇಬ್ಬರೂ ಮುದ್ದೇನಹಳ್ಳಿಗೆ ಹೊರಟೆವು.

ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾದ ಕಥೆ ಇಲ್ಲಿಂದಲೇ ಮೊದಲಾಗುತ್ತದೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು, 1955ರಲ್ಲಿ ಭಾರತರತ್ನ. 1962ರಲ್ಲಿ, ನೂರು ವರ್ಷ ದಾಟಿದ ಆ ದೇಹವು ಮಣ್ಣಾದುದೂ ಈ ಊರಿನಲ್ಲಿಯೇ.

ಸಮಾಧಿಯ ಬಳಿ ಕುಳಿತಾಗ ಮಾವನವರು ಮೆಲ್ಲನೆ ನುಡಿದರು: “ಅವರು 1951ರಲ್ಲಿ ಬರೆದ ಪುಸ್ತಕದ ಹೆಸರು ನೆನಪಿದೆಯೆ? ‘ವೃತ್ತಿಜೀವನದ ನೆನಪುಗಳು’ ಎಂಬರ್ಥ ಬರುತ್ತದೆ. ಅವರಿಗೆ ಮಕ್ಕಳಿರಲಿಲ್ಲ, ದುಡಿಮೆಯೇ ಸಂಸಾರವಾಯಿತು. ನನಗಾದರೋ ಸಂಸಾರವಿತ್ತು; ಆದರೂ ನಾನು ಬರೆದರೆ ಅದೇ ಹೆಸರಿಡಬೇಕಾದೀತು.”

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು. ನಾರಾಯಣಪುರದ ಎಡದಂಡೆ ಕಾಲುವೆಯ ಕೆಲಸದಲ್ಲಿ ಹಲವು ವರ್ಷ ಡೇರೆಯಲ್ಲಿಯೂ ಕ್ವಾರ್ಟರ್ಸಿನಲ್ಲಿಯೂ ಕಳೆದರಂತೆ. ಮಕ್ಕಳು ಓದಿದ್ದು, ಕಾಯಿಲೆ ಬಿದ್ದದ್ದು, ಎದ್ದದ್ದು ಎಲ್ಲವೂ ಅತ್ತೆಯವರ ಪಾಲಿಗೆ. ಊರಿನಿಂದ ತಾಯಿ ಯಾರ ಕೈಯಲ್ಲಾದರೂ ಕಾಗದ ಬರೆಸುತ್ತಿದ್ದರು. ಪ್ರತಿ ಬೇಸಗೆಯಲ್ಲಿಯೂ ಅದೇ ಒಕ್ಕಣೆ: ಬಾವಿಯ ನೀರು ಕೆಳಗಿಳಿಯಿತು, ಹಗ್ಗಕ್ಕೆ ಇನ್ನೆರಡು ಮಾರು ಸೇರಿಸಿದೆವು.

“ಸಾವಿರಾರು ಎಕರೆಗೆ ನೀರಿನ ಲೆಕ್ಕ ಹಾಕುತ್ತಿದ್ದೆನಪ್ಪ. ಅಮ್ಮನ ಹಗ್ಗದ ಲೆಕ್ಕ ಹಾಕಲಿಲ್ಲ. ‘ಹಗ್ಗಕ್ಕೆ’ ಎಂದು ಇಪ್ಪತ್ತು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದೆ” ಎಂದರು.

ಹಿಂದಿರುಗುವಾಗ ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿಯ ಮೇಲೆ ನಿಂತೆವು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಬಳಸಿದ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಈ ಕೆರೆಗೆ ಹರಿಸಲಾಗಿದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಇಲ್ಲಿನ ಜನರು ಒತ್ತಾಯಿಸುತ್ತ ಬಂದಿದ್ದಾರೆ. ನದಿಗಳನ್ನು ಕೊಟ್ಟ ನಾಡಿಗೆ ನಗರವು ಹಿಂದಿರುಗಿಸಿದ ಋಣವಿದು!

ಮಾವನವರು ನೀರನ್ನು ಬಹಳ ಹೊತ್ತು ನೋಡಿದರು. “ಜನ ಕೇಳುವುದು ನ್ಯಾಯವೇ. ಇದರ ಲೆಕ್ಕ ನನಗೆ ಗೊತ್ತಿದೆ. ಅವರ ಮನವಿಯನ್ನು ಬರೆದುಕೊಡುತ್ತೇನೆ, ಭಾಷೆ ನೀನು ತಿದ್ದು” ಎಂದರು.

ಆ ರಾತ್ರಿ ನಮ್ಮ ಮನೆಯ ಹಜಾರದಲ್ಲಿ ದೀಪವು ಬಹಳ ಹೊತ್ತು ಉರಿಯುತ್ತಿತ್ತು.