ಉಸಿರು ತಿರುಗಿದತ್ತ ಗೆರೆ

ಗಮನ ಹೋದ ಕೂಡಲೇ ನಡಿಗೆ ಬದಲಿಸುವುದು ಉಸಿರಿನ ಸ್ವಭಾವ. ಅಲ್ಲಿಯವರೆಗೆ ತನ್ನ ಪಾಡಿಗೆ ಬಂದು ಹೋಗುತ್ತಿದ್ದದ್ದು, ನಾವು ನೋಡುತ್ತಿದ್ದೇವೆಂದು ಗೊತ್ತಾಗುತ್ತಲೇ ನೆಂಟರ ಮುಂದೆ ಕೂತ ಮಕ್ಕಳ ಹಾಗೆ ಒಂದಿಷ್ಟು ನೆಟ್ಟಗಾಗುತ್ತದೆ, ಒಂದಿಷ್ಟು ಬಿಂಕ ತೋರಿಸುತ್ತದೆ. ಕಾದರೆ ಬಿಂಕ ಇಳಿಯುತ್ತದೆ. ಆಮೇಲೆ ಕಾಣುವ ಉಸಿರು ನಮ್ಮದೇ ಆದರೂ ನಮಗೆ ಅಷ್ಟಾಗಿ ಪರಿಚಯವಿಲ್ಲದ್ದು. ಎಲ್ಲೋ ಒಂದು ಕಡೆ ತಡೆದು ನಿಲ್ಲುತ್ತದೆ, ಇನ್ನೆಲ್ಲೋ ಕಾರಣ ಹೇಳದೆ ನಿಟ್ಟುಸಿರಾಗುತ್ತದೆ. ಉಂಡ ಅನ್ನ ಅರಗುವುದನ್ನು ಬೇಕೆಂದಾಗ ನಿಧಾನ ಮಾಡಲು ನಮ್ಮಿಂದ ಆಗದು. ಉಸಿರು ಹಾಗಲ್ಲ. ಮರೆತರೂ ನಡೆಯುತ್ತದೆ, ಕರೆದರೂ ಓಗೊಡುತ್ತದೆ. ಒಳಗಿನದನ್ನು ತಲುಪಲು ದೇಹ ನಮಗೆ ಬಿಟ್ಟುಕೊಟ್ಟಿರುವ ದಾರಿಗಳು ಕೆಲವೇ ಕೆಲವು. ಅವುಗಳಲ್ಲಿ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ.

ನಾನು ಅದರ ಬಳಿಗೆ ಹೋದದ್ದು ಮಾತು ಸಾಲದೆ ಬಂದ ಕಾಲದಲ್ಲಿ. ಅಪ್ಪ ಬಹಳ ದಿನ ಹಾಸಿಗೆ ಹಿಡಿದಿದ್ದರು. ಅವರು ಹೋದ ಮೇಲೆ ಔಷಧಿಯ ಹೊತ್ತು, ಗಂಜಿಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು ಎಲ್ಲ ಹಾಗೆಯೇ ಇದ್ದವು, ಮಾಡಲು ಮಾತ್ರ ಏನೂ ಇರಲಿಲ್ಲ. ಬಂದವರು ಹೇಗಿದ್ದೀಯ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಪರವಾಗಿಲ್ಲ ಅನ್ನುತ್ತಿದ್ದೆ. ಉಸಿರು ಎದೆಯ ಮೇಲ್ಗಡೆಯಲ್ಲೇ ಆಡುತ್ತಿತ್ತು, ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದ ಗೆಳತಿ ಒಂದು ಸಂಜೆ ಬಂದವಳು, “ನೀನೇನೂ ಹೇಳಬೇಡ ಕಣೆ. ಸುಮ್ಮನೆ ಕೂತು ಉಸಿರಾಡು. ಆಮೇಲೆ ಒಂದು ದುಂಡು ಬರೆದುಕೊಂಡು ಅದರೊಳಗೆ ಏನು ಬೇಕಾದರೂ ತುಂಬು” ಅಂದಳು. ತನ್ನ ಬಣ್ಣದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ನನ್ನ ಕ್ರಮದಲ್ಲಿ ವಿಶೇಷವೇನಿಲ್ಲ. ಬೆಳಗಿನ ಕಾಫಿಗೆ ಮೊದಲು, ಹಿತ್ತಲ ಬಾಗಿಲು ತೆರೆದಿಟ್ಟು, ಗೋಡೆಗೆ ಬೆನ್ನು ತಾಗಿಸಿ ಕೂರುತ್ತೇನೆ. ಬಲಗೈಯ ಹೆಬ್ಬೆರಳಿನಿಂದ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಎಳೆದುಕೊಳ್ಳುವುದು, ಉಂಗುರದ ಬೆರಳಿನಿಂದ ಅದನ್ನು ಮುಚ್ಚಿ ಇದರಲ್ಲಿ ಬಿಡುವುದು. ನಾಡಿಶೋಧನವೆಂದು ಯೋಗದ ಮನೆಗಳಲ್ಲೆಲ್ಲ ಕಲಿಸುವುದೇ. ಎಳೆದುಕೊಂಡದ್ದಕ್ಕಿಂತ ಬಿಡುವುದು ತುಸು ಉದ್ದ. ಸ್ವಲ್ಪ ಹೊತ್ತಿಗೆ ಭುಜ ಇಳಿಯುತ್ತದೆ, ನಾಲಿಗೆ ಅಂಗುಳವನ್ನು ಬಿಡುತ್ತದೆ. ಕಣ್ಣು ತೆರೆದಾಗ ಹಿತ್ತಲಿನ ಕರಿಬೇವು ಮೊದಲಿಗಿಂತ ಹಸಿರಾಗಿ ಕಾಣುವ ಒಂದು ಗಳಿಗೆ ಇದೆ. ಆ ಗಳಿಗೆಗೆ ತಡಮಾಡದೆ ಬಿಳಿ ಹಾಳೆಯ ಮೇಲೆ ಊಟದ ಸ್ಟೀಲ್ ತಟ್ಟೆ ಬೋರಲು ಹಾಕಿ ಪೆನ್ಸಿಲಿನಲ್ಲಿ ಸುತ್ತು ಎಳೆಯುತ್ತೇನೆ.

ಆಮೇಲಿನದು ಕೈಗೆ ಬಿಟ್ಟದ್ದು. ಬಣ್ಣವನ್ನು ಆರಿಸುವುದು ಕೂಡ ಕೈಯೇ. ನೀಲಿ ತೆಗೆದುಕೊಳ್ಳೋಣ ಎಂದು ಮನಸ್ಸು ಅಂದುಕೊಳ್ಳುವಷ್ಟರಲ್ಲಿ ಬೆರಳು ಇಟ್ಟಿಗೆಗೆಂಪನ್ನು ಎತ್ತಿಕೊಂಡಿರುತ್ತದೆ. ಮೊದಮೊದಲು ನನ್ನ ದುಂಡುಗಳೆಲ್ಲ ಅಂಚಿನಲ್ಲೇ ತುಂಬುತ್ತಿದ್ದವು, ನಡುವೆ ಬರೀ ಬಿಳಿ. ಅಂಚಿನ ಗೆರೆಗಳು ದಪ್ಪ, ಒತ್ತಿ ಒತ್ತಿ ಎಳೆದವು; ಬಳಪ ಮುರಿಯುವಷ್ಟು ಒತ್ತು. ಬಣ್ಣದ ಮೇಣದ ವಾಸನೆ, ಹಾಳೆಯ ಹಿಂಬದಿಗೆ ಮೂಡಿದ ಉಬ್ಬು, ಕಿರುಬೆರಳಿನ ಪಕ್ಕಕ್ಕೆ ಮೆತ್ತಿದ ಕಪ್ಪು, ಇವೆಲ್ಲ ನನಗೆ ಬಹಳ ಪ್ರಿಯವಾದವು. ಒಂದು ಬೆಳಿಗ್ಗೆ ನಡುವಿನ ಬಿಳಿಯಲ್ಲಿ ಸಣ್ಣದೊಂದು ಹಳದಿ ಚುಕ್ಕಿ ಬಂದು ಕೂತಿತು. ಅದನ್ನು ನೋಡುತ್ತ ಅತ್ತೆ. ಯಾಕೆಂದು ಕೇಳಿದವರಿಗೆ ಹೇಳಲು ನನ್ನ ಬಳಿ ಈಗಲೂ ಉತ್ತರವಿಲ್ಲ; ಅತ್ತ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು ಎಂಬುದಷ್ಟು ಗೊತ್ತು.

ನಮ್ಮ ಕಾಲದಲ್ಲಿ ಹೀಗೆ ದುಂಡಿನೊಳಗೆ ತನ್ನನ್ನು ನೋಡಿಕೊಂಡವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. 1913ರಲ್ಲಿ ಫ್ರಾಯ್ಡ್ ಜೊತೆಗಿನ ಸ್ನೇಹ ಮುರಿದ ಮೇಲೆ ಅವನ ಮನಸ್ಸು ಹಲವು ವರ್ಷ ಅಲ್ಲಾಡಿಹೋಗಿತ್ತು. 1916ರಲ್ಲಿ ಅವನು ತನ್ನ ಮೊದಲ ದುಂಡು ಚಿತ್ರ, ಅಂದರೆ ಮಂಡಲ, ಬರೆದ. ಮಹಾಯುದ್ಧದ ಕೊನೆಯಲ್ಲಿ, 1918–19ರ ಹೊತ್ತಿಗೆ, ಷಾಟೋ ದೇ ಎಂಬ ಊರಿನಲ್ಲಿ ತಡೆದಿಟ್ಟುಕೊಂಡಿದ್ದ ಇಂಗ್ಲಿಷ್ ಸೈನಿಕರ ಶಿಬಿರದ ಅಧಿಕಾರಿಯಾಗಿದ್ದಾಗ, ದಿನವೂ ಬೆಳಿಗ್ಗೆ ನೋಟ್‌ಪುಸ್ತಕದಲ್ಲಿ ಸಣ್ಣದೊಂದು ದುಂಡು ಚಿತ್ರ ಬರೆಯುತ್ತಿದ್ದ. ಆ ದಿನ ತಾನು ಒಳಗೆ ಹೇಗಿದ್ದೇನೆ ಎಂಬುದು ಅದರಲ್ಲಿ ಕಾಣುತ್ತಿತ್ತಂತೆ. ಪರಿಚಿತ ಹೆಂಗಸೊಬ್ಬಳ ಪತ್ರ ಅವನನ್ನು ಕೆರಳಿಸಿತು. ಮಾರನೆಯ ದಿನದ ಮಂಡಲದ ಅಂಚು ಒಂದು ಕಡೆ ಒಡೆದುಕೊಂಡಿತ್ತು. ತನ್ನ ಆತ್ಮಕಥನದಲ್ಲಿ ಅವನು ಇದನ್ನು ಬರೆದುಕೊಂಡಿದ್ದಾನೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ಭಾವನೆಗಳು ಉಕ್ಕಿ ತಡೆಯಲಾಗದೆ ಹೋದಾಗ ಅವನು ಯೋಗದ ಅಭ್ಯಾಸಗಳನ್ನು ಮಾಡುತ್ತಿದ್ದ, ಮನಸ್ಸು ತಿಳಿಯಾಗುವಷ್ಟು ಮಾತ್ರ. ತಿಳಿಯಾದ ಕೂಡಲೇ ಬಿಟ್ಟು, ಮತ್ತೆ ಒಳಗಿನ ಚಿತ್ರಗಳತ್ತ ಹೋಗುತ್ತಿದ್ದ.

ಈ ಅಳತೆ ನನಗೆ ತುಂಬ ಹಿಡಿಸಿದೆ. ಪೂರ್ತಿ ಶಾಂತವಾಗಿಬಿಟ್ಟರೆ ಬರೆಯಲು ಏನೂ ಮೇಲೆ ಬರುವುದಿಲ್ಲ, ಕಲಕಿಯೇ ಇದ್ದರೆ ಕೈ ನಡುಗುತ್ತದೆ. ಎರಡರ ನಡುವಿನ ಹದವನ್ನು ಉಸಿರು ಕೊಡಬೇಕು. 1937–38ರ ಚಳಿಗಾಲದಲ್ಲಿ ಯೂಂಗ್ ಭಾರತಕ್ಕೆ ಬಂದಾಗ ಮೈಸೂರಿನ ಮಹಾರಾಜರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರನ್ನು ಭೇಟಿಯಾಗಿದ್ದನೆಂದು ಓದಿ ನನಗೆ ರೋಮಾಂಚನವಾಯಿತು. ಬೆಳಗಿನ ಹೊತ್ತು ಮನೆ ಮುಂದಿನ ರಂಗೋಲಿಗಳು ಅವನ ಕಣ್ಣಿಗೆ ಬಿದ್ದಿರಬಹುದೇ? ಬೀಳದೆ ಇರುವುದು ಹೇಗೆ ಎಂದೇ ನನ್ನ ಮನಸ್ಸು ವಾದಿಸುತ್ತದೆ.

ಉಸಿರನ್ನೂ ಮಂಡಲವನ್ನೂ ಒಂದೇ ಕೂಟದಲ್ಲಿ ಇಟ್ಟು ಪದ್ಧತಿ ಮಾಡಿದವರು ಸ್ಟಾನಿಸ್ಲಾವ್ ಗ್ರೋಫ್ ಮತ್ತು ಅವರ ಹೆಂಡತಿ ಕ್ರಿಸ್ಟಿನಾ. ಗ್ರೋಫ್ 1931ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಮನೋವೈದ್ಯ. ಮನಸ್ಸನ್ನು ಅಗಲಿಸುವ ಎಲ್‌ಎಸ್‌ಡಿ ಔಷಧಿಯ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿ, ಆಮೇಲೆ ಔಷಧಿಯನ್ನು ಬಿಟ್ಟು ಉಸಿರಿನ ಕಡೆ ತಿರುಗಿದವರು. 1970ರ ದಶಕದ ನಡುವಿನಲ್ಲಿ, ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಎಸಲೆನ್ ಸಂಸ್ಥೆಯಲ್ಲಿದ್ದಾಗ, ಈ ದಂಪತಿ ಹೋಲೋಟ್ರೋಪಿಕ್ ಉಸಿರಾಟದ ಕ್ರಮವನ್ನು ರೂಪಿಸಿದರು. ಇಬ್ಬಿಬ್ಬರ ಜೋಡಿ: ಒಬ್ಬರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ ಎಂದಿಗಿಂತ ಬೇಗ, ಆಳವಾಗಿ ಉಸಿರಾಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಕಾಯುತ್ತಾರೆ. ಎದೆ ನಡುಗಿಸುವ ಸಂಗೀತ ಎರಡು ಮೂರು ಗಂಟೆ ನಡೆಯುತ್ತದೆ. ಎದ್ದ ಮೇಲೆ ಯಾರೂ ಏನೂ ಕೇಳುವುದಿಲ್ಲ. ದುಂಡು ಬರೆದಿಟ್ಟ ಹಾಳೆ, ಬಣ್ಣ ಕಾದಿರುತ್ತವೆ. ಅವರು ತಮ್ಮ ಮಂಡಲ ಮುಗಿಸಿದ ಮೇಲೇ ಮಾತು. ಗ್ರೋಫ್ ಅವರೊಂದಿಗೆ ಮೇರಿಲ್ಯಾಂಡಿನಲ್ಲಿ ಕೆಲಸ ಮಾಡಿದ್ದ ಜೋನ್ ಕೆಲಾಗ್ ಎಂಬ ಕಲಾ ಚಿಕಿತ್ಸಕಿ ರೋಗಿಗಳು ಬರೆದ ಮಂಡಲಗಳನ್ನೇ ಆಳವಾಗಿ ಅಭ್ಯಾಸ ಮಾಡಿದವರು.

ಇಲ್ಲಿ ಎಚ್ಚರದ ಮಾತೊಂದನ್ನು ಹೇಳಲೇಬೇಕು, ಯಾಕೆಂದರೆ ಈ ಬೇಗದ ಉಸಿರು ಆಟವಲ್ಲ. ಹಾಗೆ ಉಸಿರಾಡಿದಾಗ ರಕ್ತದ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಬೆರಳು ತುಟಿಗಳು ಜುಮುಗುಟ್ಟುತ್ತವೆ, ಕೈ ಸೆಟೆದುಕೊಳ್ಳುವುದೂ ಉಂಟು. ಹೃದ್ರೋಗ, ಏರಿದ ರಕ್ತದೊತ್ತಡ, ಮೂರ್ಛೆರೋಗ, ಗ್ಲೂಕೋಮಾ ಇರುವವರು, ಬಸುರಿಯರು, ತೀವ್ರ ಮಾನಸಿಕ ಕಾಯಿಲೆಯಿಂದ ನರಳುತ್ತಿರುವವರು ಇದಕ್ಕೆ ಕೈ ಹಾಕಬಾರದೆಂದು ಆ ಪದ್ಧತಿಯವರೇ ಹೇಳುತ್ತಾರೆ. ಪಕ್ಕದಲ್ಲಿ ಕಾಯುವವರನ್ನು ಇಟ್ಟಿರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಒಬ್ಬರೇ ಮೊಬೈಲ್ ನೋಡಿಕೊಂಡು ಮಾಡುವವರ ಬಗ್ಗೆ ನನಗೆ ನಿಜವಾಗಿ ಭಯವಾಗುತ್ತದೆ. ನನ್ನದು ನಿಧಾನದ ಉಸಿರು, ಅದರಲ್ಲೇ ನನಗೆ ಬೇಕಾದದ್ದೆಲ್ಲ ಸಿಕ್ಕಿದೆ.

ನಿಧಾನದ ಉಸಿರಿನ ಬಲವನ್ನು ವೈದ್ಯರೂ ಅಳೆದು ನೋಡಿದ್ದಾರೆ. 2001ರಲ್ಲಿ ಇಟಲಿಯ ಲುಚಿಯಾನೋ ಬೆರ್ನಾರ್ದಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ ಬಹಳ ಚಂದದ್ದು. ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆ ಹೇಳಿದರೂ, ಟಿಬೆಟಿನವರ ‘ಓಂ ಮಣಿ ಪದ್ಮೇ’ ಮಂತ್ರ ಹೇಳಿದರೂ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಇಳಿಯಿತು. ಹೃದಯದ ಬಡಿತವೂ ರಕ್ತದೊತ್ತಡದ ಏರಿಳಿತವೂ ಆ ಲಯಕ್ಕೆ ಹೊಂದಿಕೊಂಡವು. ಎರಡು ದೂರದ ನಾಡುಗಳ ಪ್ರಾರ್ಥನೆಗಳು ಒಂದೇ ಲಯಕ್ಕೆ ಬಂದು ನಿಂತಿದ್ದವು. ದುಂಡಿನ ಬಗ್ಗೆಯೂ ಒಂದು ಪ್ರಯೋಗ ಆಗಿದೆ. 2005ರಲ್ಲಿ ಅಮೆರಿಕದಲ್ಲಿ ಕರ್ರಿ ಮತ್ತು ಕ್ಯಾಸರ್ ಎಂಬಿಬ್ಬರು 84 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಂಡಲ, ಕೆಲವರಿಗೆ ಚೌಕುಳಿ ವಿನ್ಯಾಸ, ಇನ್ನು ಕೆಲವರಿಗೆ ಖಾಲಿ ಹಾಳೆ ಕೊಟ್ಟು ಬಣ್ಣ ತುಂಬಿಸಿದರು. ಮೊದಲಿನ ಎರಡು ಗುಂಪಿನವರ ಆತಂಕ ಇಳಿಯಿತು, ಖಾಲಿ ಹಾಳೆಯವರದ್ದು ಹಾಗೆ ಇಳಿಯಲಿಲ್ಲ. ಖಾಲಿ ಹಾಳೆ ಭಯ ಹುಟ್ಟಿಸುತ್ತದೆ ಎಂಬುದು ಬರೆಯುವವರಿಗೆಲ್ಲ ಗೊತ್ತು. ಅಂಚೊಂದು ಇದ್ದರೆ ಒಳಗಿನದು ಹೊರಬರಲು ಧೈರ್ಯ ಮಾಡುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಅಚ್ಚು ಹಾಕಿದ ಮಂಡಲದ ಪುಸ್ತಕಗಳು ನನಗೆ ಸಾಲವು. ಅಲ್ಲಿ ಇನ್ನೊಬ್ಬರ ಗೆರೆ ಮೊದಲೇ ಬಂದು ಕೂತಿರುತ್ತದೆ, ನನ್ನ ಉಸಿರಿಗೆ ಮಾಡಲು ಕೆಲಸ ಉಳಿದಿರುವುದಿಲ್ಲ.

ಬೈಲುಕುಪ್ಪೆಯ ಟಿಬೆಟ್ ಶಿಬಿರದಲ್ಲಿರುವಂಥ ಮಠಗಳ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಮಂಡಲ ಕಟ್ಟುವಾಗ ಉಸಿರಿಗೂ ಗೆರೆಗೂ ಇರುವ ನಂಟು ಬರಿಗಣ್ಣಿಗೇ ಕಾಣುತ್ತದೆ. ಮೂತಿ ಸಣ್ಣಗಿರುವ ಲೋಹದ ಕೊಳವೆಯ ಮೈಮೇಲಿನ ಹಲ್ಲುಗಳನ್ನು ಇನ್ನೊಂದು ಕಡ್ಡಿಯಿಂದ ಉಜ್ಜುತ್ತಾರೆ, ಆ ಅದುರಿಗೆ ಮರಳು ಕಾಳುಕಾಳಾಗಿ ಇಳಿಯುತ್ತದೆ. ಬಗ್ಗಿದ ಮುಖ ಗೆರೆಗೆ ಗೇಣು ದೂರ. ಜೋರಾಗಿ ಒಂದು ಉಸಿರು ಬಿಟ್ಟರೆ ಗಂಟೆಗಳ ಕೆಲಸ ಚದುರಿ ಹೋದೀತು. ಕೆಲವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ತುಳುನಾಡಿನ ನಾಗಾರಾಧನೆಯಾದ ನಾಗಮಂಡಲದಲ್ಲಿ ಉಸಿರು ಗೆರೆಗಳ ಈ ನಂಟು ಊರಿಗೆ ಊರೇ ಸೇರುವ ರಾತ್ರಿಯಾಗುತ್ತದೆ. ವೈದ್ಯರೆಂದು ಕರೆಯುವ, ಮಂಡಲ ಬರೆಯುವ ಸಮುದಾಯದವರು ನೆಲದ ಮೇಲೆ ಐದು ಬಣ್ಣಗಳಲ್ಲಿ ಹೆಡೆಬಿಚ್ಚಿದ ನಾಗನನ್ನು ಗಂಟುಗಂಟಾಗಿ ಬರೆಯುತ್ತಾರೆ. ಹಳದಿಗೆ ಅರಿಶಿನ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಎಲೆಯ ಪುಡಿಯ ಹಸಿರು, ಉಮಿ ಸುಟ್ಟ ಕಪ್ಪು, ಬಿಳಿಯ ಪುಡಿ. ನಾಗನ ಆವೇಶ ಬರುವ ಪಾತ್ರಿ ಅಡಿಕೆಯ ಹಿಂಗಾರದ ಗೊನೆಯನ್ನು ಮುಖಕ್ಕೆ ಒತ್ತಿಕೊಂಡು ಅದರ ಪರಿಮಳವನ್ನು ಒಳಗೆಳೆದುಕೊಳ್ಳುತ್ತಾರೆ. ಡಕ್ಕೆಯ ಬಡಿತ ಏರುತ್ತ ಹೋದ ಹಾಗೆ ಆ ಉಸಿರೂ ಏರುತ್ತದೆ, ಮೈ ಅದುರುತ್ತದೆ, ದರ್ಶನ ಬರುತ್ತದೆ. ಬೆಳಗಾಗುವ ಹೊತ್ತಿಗೆ ಕುಣಿತದ ಪಾದಗಳಲ್ಲಿ ಮಂಡಲ ಅಳಿಸಿರುತ್ತದೆ, ಆ ಬಣ್ಣವೇ ಪ್ರಸಾದ. ಇದನ್ನು ಚಿಕಿತ್ಸೆ ಎಂದು ಕರೆದು ಕಿರಿದು ಮಾಡಲು ನನಗೆ ಮನಸ್ಸಿಲ್ಲ, ಅದು ಆರಾಧನೆ. ಆದರೆ ಉಸಿರು, ತಾಳ, ಬಣ್ಣ, ಸುತ್ತು, ಕಾಯಲು ಕೂತ ಜನ ಇಷ್ಟೂ ಒಂದೇ ಅಂಗಳದಲ್ಲಿ ಸೇರುವುದನ್ನು ನೋಡಿದವರಿಗೆ ಎಸಲೆನ್‌ನ ಚಾಪೆಗಳು ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ.

ಸಾಗರದಲ್ಲಿರುವ ನನ್ನ ಅಕ್ಕನಿಗೆ ಈ ಹೆಸರುಗಳೊಂದೂ ಬೇಕಿಲ್ಲ. ರಂಗೋಲಿಗೆ ಚುಕ್ಕಿ ಇಟ್ಟು ಎಳೆ ಎಳೆಯಲು ಕೂತರೆ ಅವಳ ಕೈ ನಡುವೆ ನಿಲ್ಲುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಒಂದೇ ಸಮ ಜಾರುತ್ತದೆ, ಎಳೆ ಚುಕ್ಕಿಗಳನ್ನು ಬಳಸಿ ಬಳಸಿ ಹೊರಟಲ್ಲಿಗೇ ಬಂದು ಸೇರುತ್ತದೆ. ಹಬ್ಬಕ್ಕೆ ಹೋದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ್ದೆ.

“ಅಕ್ಕಾ, ಉಸಿರು ಯಾವಾಗ ಬಿಡ್ತೀಯ?”

“ಎಳೆ ತಿರುಗೋವಾಗ. ನೆಟ್ಟಗೆ ಹೋಗೋವಾಗ ಬಿಟ್ರೆ ಗೆರೆ ಸೊಟ್ಟ ಆಗ್ತದೆ ಮಾರಾಯ್ತಿ,” ಅಂದಳು. ಸ್ವಲ್ಪ ಸುಮ್ಮನಿದ್ದು, “ಅಮ್ಮ ಹೋದ ವರ್ಷ ಎಷ್ಟು ದೊಡ್ಡ ದೊಡ್ಡದು ಹಾಕ್ತಿದ್ದೆ ಗೊತ್ತುಂಟಾ? ಅಂಗಳ ಸಾಲ್ತಿರ್ಲಿಲ್ಲ,” ಅಂದಳು. ಆ ವರ್ಷ ಅವಳು ಹೇಗಿದ್ದಾಳೆಂದು ಫೋನಿನಲ್ಲಿ ಕೇಳಿದಾಗಲೆಲ್ಲ ಆರಾಮಿದ್ದೇನೆ ಅಂತಲೇ ಹೇಳಿದ್ದಳು.

ಬರೆದ ಮಂಡಲವನ್ನು ಮುಂದಿಟ್ಟುಕೊಂಡು ಈ ಕೆಂಪು ಎಂದರೆ ಸಿಟ್ಟು, ಈ ಕಪ್ಪು ಎಂದರೆ ದುಃಖ ಎಂದು ಪಟ್ಟಿ ಹಾಕುವವರನ್ನು ಕಂಡರೆ ನಾನು ಹಾಳೆ ಮಡಚಿ ಎದ್ದುಬಿಡುತ್ತೇನೆ. ಇನ್ನೂ ಮಾತಾಗದ ಒಂದಕ್ಕೆ ಇರಲು ಜಾಗ ಸಿಕ್ಕಿದೆ. ಅದನ್ನು ಆ ಜಾಗದಲ್ಲಿ ಕೆಲವು ದಿನ ಇರಗೊಡಬೇಕು. ನಾನು ಹಾಳೆಯ ಹಿಂದೆ ತಾರೀಖು ಮಾತ್ರ ಬರೆದು ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ತಿಂಗಳುಗಳು ಕಳೆದ ಮೇಲೆ ನೆಲದ ಮೇಲೆ ಸಾಲಾಗಿ ಹರಡಿ ನೋಡಿದರೆ ಅರ್ಥ ತಾನಾಗಿ ಅಲ್ಲೊಂದು ಇಲ್ಲೊಂದು ತೆರೆದುಕೊಳ್ಳುತ್ತದೆ. ಅಂಚಿನಲ್ಲಿ ಒತ್ತಿಕೊಂಡಿದ್ದ ಗೆರೆ ಒಳಗೆ ಬಂದ ವಾರ ಯಾವುದು, ಹಸಿರು ಮೊದಲು ಎಲ್ಲಿ ಕಾಣಿಸಿತು, ಯಾವ ಹಬ್ಬದ ಆಸುಪಾಸಿನಲ್ಲಿ ನಡು ಮತ್ತೆ ಖಾಲಿಯಾಯಿತು. ಅಪ್ಪನ ತಿಥಿಯ ದಿನ ಬರೆದದ್ದರಲ್ಲಿ ಕಪ್ಪು ಒಂದೂ ಇಲ್ಲ, ಪೂರ್ತಿ ಮಾವಿನ ಚಿಗುರಿನ ಬಣ್ಣ. ಅವರು ನೆಟ್ಟ ಮರ ಆ ತಿಂಗಳು ಚಿಗುರಿತ್ತು ಎಂದು ಆಮೇಲೆ ಹೊಳೆಯಿತು.

ಮುಂದಿನ ತಿಂಗಳು ಅಕ್ಕ ನಮ್ಮಲ್ಲಿಗೆ ಬರುತ್ತಾಳೆ. ಡ್ರಾಯಿಂಗ್ ಮೇಡಂ ಗೆಳತಿಗೂ ಹೇಳಿದ್ದೇನೆ. ಮೂವರೂ ತಾರಸಿಯ ಮೇಲೆ ಕೂತು ಉಸಿರಾಡಿ, ಆಮೇಲೆ ಬಣ್ಣ ಹಿಡಿಯುವುದೆಂದು ಮಾತಾಗಿದೆ. ಹಾಳೆ ನಾನು ತರುತ್ತೇನೆ, ಬಣ್ಣ ಗೆಳತಿಯದು. ಅಕ್ಕ ಮಾತ್ರ ಊಟದ ತಟ್ಟೆಯಷ್ಟು ದುಂಡು ತನಗೆ ಸಾಲುವುದಿಲ್ಲವೆಂದು ಪಟ್ಟು ಹಿಡಿದಿದ್ದಾಳೆ. ಅವಳಿಗೆಂದು ಅಟ್ಟದ ಮೇಲಿನ ಹಪ್ಪಳದ ದೊಡ್ಡ ದುಂಡು ಮೊರ ಇಳಿಸಿ ತೊಳೆದಿಟ್ಟಿದ್ದೇನೆ.