ಒಂದು ಕಿಲೋ ಉಪ್ಪು 50 ದಿನ ಬರಬೇಕು

ನಮ್ಮ ಅಡಗಿ ಮನಿ ಗ್ವಾಡಿಗೆ ಒಂದು ಕ್ಯಾಲೆಂಡರ್ ತೂಗು ಹಾಕೇನಿ. ಹಬ್ಬ, ಅಮಾಸಿ, ಹಾಲಿನ ಲೆಕ್ಕದ ಜೊತಿಗೆ ಅದರಾಗ ಅಲ್ಲಲ್ಲೆ ಕೆಂಪು ಪೆನ್ನಿನ ಸೊನ್ನಿ ಇರ್ತಾವು. ಬಂದವರು ‘ಇದೇನ್ರಿ ವೈನಿ, ಗ್ಯಾಸ್ ಹಚ್ಚಿದ ತಾರೀಖೇನು?’ ಅಂತ ಕೇಳ್ತಾರ. ಅಲ್ಲ, ಉಪ್ಪಿನ ಪಾಕೀಟು ಒಡದ ತಾರೀಖು. ಯಾಕ ಅಂತ ಹೇಳಬೇಕಂದ್ರ ನಮ್ಮ ಮನಿಯವರಿಗೆ ಲಕ್ವಾ ಹೊಡದ ಕತಿ ಹೇಳಬೇಕು. ಅದರಾಗ ನಂದೂ ಒಂದು ತಪ್ಪೈತಿ.

ಎರಡು ವರ್ಷದ ಹಿಂದ, ಮಿರಗದ ಮಳಿ ಆಗಿ ಗೋವಿನಜ್ವಾಳ ಬಿತ್ತೋ ಗದ್ದಲ. ಮುಂಜಾನೆ ಚಾ ಕುಡಿಯೋ ಮುಂದ ಇವರ ಕೈಯಾಗಿನ ಕಪ್ಪು ಜಾರಿ ಬಿತ್ತು. ನೋಡಿದ್ರ ಎಡಗೈ ಮ್ಯಾಲ ಏಳವಲ್ದು, ಬಾಯಿ ಒಂದ ಕಡೆ ವಾರಿ ಆಗಿತ್ತು. ‘ಕೈ ಮ್ಯಾಲ ಮಲಗಿರಬೇಕು, ಜೋಮು ಹಿಡದೈತಿ’ ಅಂತ ಅತ್ತಿಯವರು ಎಣ್ಣಿ ತಿಕ್ಕಾಕ ಕುಂತ್ರು. ಯಾರೋ ಪಾರಿವಾಳದ ರಕ್ತ ಹಚ್ಚರಿ ಅಂದ್ರು. ಗಾಡಿ ಹುಡುಕಿ, ಅತ್ತಿವೇರಿಯಿಂದ ಮುಂಡಗೋಡ, ಅಲ್ಲಿಂದ ಹುಬ್ಬಳ್ಳಿ ಮುಟ್ಟೂದರಾಗ ಹೊತ್ತು ಇಳದಿತ್ತು. ‘ಮಿದುಳಿಗೆ ಹೋಗೋ ರಕ್ತನಾಳದಾಗ ಹೆಪ್ಪುಗಟ್ಟೈತಿ. ನಾಕೂವರೆ ತಾಸಿನೊಳಗ ಬಂದಿದ್ರ ಕರಗಸೋ ಇಂಜೆಕ್ಷನ್ ಕೊಡಬಹುದಿತ್ತು’ ಅಂದ್ರು ಡಾಕ್ಟರು. ಆ ಮಾತು ಇನ್ನೂ ನನ್ನ ಕಿವ್ಯಾಗೈತಿ.

ಒಂಬತ್ತು ದಿನಕ್ಕ ಮನಿಗೆ ಬಂದ್ವಿ. ರಕ್ತ ತೆಳ್ಳಗ ಮಾಡೂದೊಂದು, ಕೊಲೆಸ್ಟ್ರಾಲಿಂದೊಂದು, ಬಿಪಿದೊಂದು, ಹಿಂಗ ಮೂರು ಗುಳಿಗಿ ಬರದು ಕೊಟ್ಟಿದ್ರು. ದಿನಾ ಕೈ ವ್ಯಾಯಾಮ ಮಾಡಿ ಮಾಡಿ ಮೂರು ತಿಂಗಳಿಗೆ ತಾವ ಧೋತರ ಉಟ್ಕೊಳ್ಳೋ ಹಂಗಾದ್ರು. ದೇವರು ದೊಡ್ಡಾಂವ ಅಂತ ಎಲ್ಲಾರೂ ಅಂದ್ವಿ.

ತಪ್ಪಾಗಿದ್ದು ಇಲ್ಲೆ. ‘ಎದ್ದು ಓಡ್ಯಾಡಾಕತ್ತೇನಿ, ಇನ್ಯಾತಕ ಗುಳಿಗಿ?’ ಅಂತ ಇವರು ಬಿಪಿ ಗುಳಿಗಿ ಬಿಟ್ರು. ಬೀಗರೊಬ್ಬರು ‘ಉಷ್ಣ ಆಗತೈತಿ, ನಾಟಿ ಔಷಧನ ಸಾಕು’ ಅಂದಿದ್ದು ಅದಕ್ಕ ಕೂಡಿತು. ನಾನೂ ಒಂದ್ಸಲ ಅಂದು ಸುಮ್ಮನಾದೆ. ಸುಮ್ಮನಾಗಿದ್ರೂ ನಡೀತಿತ್ತೇನೋ. ‘ಪಾಪ, ಗುಳಿಗಿ ನುಂಗಿ ನುಂಗಿ ಬಾಯಿ ಕೆಟ್ಟೈತಿ’ ಅಂತ ಮೂರು ಹೊತ್ತೂ ಮಾವಿನ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಕರದ ಬಾಳಕದ ಮೆಣಸಿನಕಾಯಿ ನೀಡಿದಾಕಿ ನಾನ. ಎಲಿ-ತಂಬಾಕಿನ ಚಂಚೀನೂ ಮೆಲ್ಲಗ ಸೊಂಟಕ್ಕ ಬಂತು. ಅದನ್ನೂ ನೋಡಿ ನೋಡಲಾರದಂಗ ಇದ್ದೆ.

ಶೀಗಿ ಹುಣ್ಣಿಮಿ ದಿನ ಹೊಲದಾಗ ಚರಗ ಚೆಲ್ಲಿ ಊಟಕ್ಕ ಕುಂತಿದ್ವಿ. ಇವರು ನನಗ ಏನೋ ಹೇಳಾಕ ಹೋದ್ರು, ನಾಲಗಿ ತೊಡರಿ ಮಾತ ತಿಳೀವಲ್ದು. ಇಪ್ಪತ್ತು ನಿಮಿಷಕ್ಕ ಎಲ್ಲಾ ಸರಿ ಆತು. ‘ಬಿಸಲಿಗೆ ಪಿತ್ತ ಏರಿತ್ತು, ಮಲಕ್ಕೊಳ್ಳಿ’ ಅಂದ್ರು ಮಂದಿ. ಈ ಸಲ ನಾ ಯಾರ ಮಾತೂ ಕೇಳಲಿಲ್ಲ. ಗಡಿಯಾರ ನೋಡ್ಕೊಂಡು ಸೀದಾ ಗಾಡಿ ಹತ್ತಿಸಿದೆ. ಬಿಪಿ 180/110 ಇತ್ತು. ‘ತಾನ ಹೋತು ಅಂತ ಬಿಡಬಾರದು ಅಕ್ಕಾರ. ದೊಡ್ಡದು ಬರೂಕಿಂತ ಮೊದಲ ಬಾಗಲಾ ಬಡದು ಹೋಗೈತಿ’ ಅಂದ್ರು ಡಾಕ್ಟರು. ‘ಗುಳಿಗಿ ನುಂಗ್ತಾರ?’ ಅಂತ ಕೇಳಿದ್ರು. ಇವರು ನೆಲಾ ನೋಡಿದ್ರು. ‘ಮನ್ಯಾಗ ಎಷ್ಟು ಮಂದಿ? ಒಂದು ಕಿಲೋ ಉಪ್ಪು ಎಷ್ಟು ದಿನ ಬರತೈತಿ?’ ನಾಕು ಮಂದಿ, 20 ದಿನ ಅಂದೆ. ಈಗ ನೆಲಾ ನೋಡೋ ಪಾಳಿ ನಂದು.

ಅವರ ಲೆಕ್ಕಾ ಮಾಡಿ ತೋರಿಸಿದ್ರು. ಒಬ್ಬೊಬ್ಬರಿಗೆ ದಿನಕ್ಕ ಹನ್ನೆರಡೂವರೆ ಗ್ರಾಂ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು 5 ಗ್ರಾಂಗಿಂತ ಕಡಿಮಿ, ಅಂದ್ರ ಒಂದು ಸಣ್ಣ ಚಮಚ. ಹಪ್ಪಳ, ಉಪ್ಪಿನಕಾಯಿ, ಮಜ್ಜಿಗಿ ಎಲ್ಲಾ ಕೂಡಿನ. ಆ ಲೆಕ್ಕದಾಗ ನಾಕು ಮಂದಿಗೆ ಒಂದು ಕಿಲೋ 50 ದಿನ ಬರಬೇಕು. ಕ್ಯಾಲೆಂಡರಿಗೆ ಕೆಂಪು ಸೊನ್ನಿ ಬಿದ್ದದ್ದು ಅವತ್ತಿಂದ.

ಮನಿಗೆ ಬಂದು ಹೇಳಿದ್ರ ಅತ್ತಿಯವರು ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಅಂತ ಗಾದಿ ಒಗದ್ರು. ‘ತಾಯಿ ನೀವದೀರಲ್ರಿ, ಉಪ್ಪು ಸ್ವಲ್ಪ ಕಡಿಮಿ ಆದ್ರ ನಡೀತೈತಿ’ ಅಂದೆ. ಮಾತಾಡಲಿಲ್ಲ. ಮರುದಿನ ನೋಡಿದ್ರ ಉಪ್ಪಿನಕಾಯಿ ಭರಣಿ ಅಟ್ಟದ ಮ್ಯಾಲಿತ್ತು. ಇಟ್ಟಾಕಿ ನಾನಲ್ಲ.

ಒಮ್ಮೆಲೆ ಸಪ್ಪಗ ಮಾಡಿದ್ರ ಯಾರೂ ಉಣ್ಣೂದಿಲ್ಲ, ವಾರಕ್ಕೊಂದು ಚಿಟಿಕಿ ಕಡಿಮಿ ಮಾಡಿದೆ. ಸಾರಿಗೆ ಹುಣಸಿಹುಳಿ, ಪಲ್ಯಾಕ್ಕ ಲಿಂಬಿ, ಬೆಳ್ಳೊಳ್ಳಿ ವಗ್ಗರಣಿ ಜಾಸ್ತಿ ಮಾಡಿದೆ. ಅಗಸಿ, ಗುರೆಳ್ಳ ಚಟ್ನಿಪುಡಿ ಅರ್ಧ ಉಪ್ಪಿನಾಗ ಕುಟ್ಟಿದೆ. ಊಟಕ್ಕ ಕುಂತಾಗ ಉಪ್ಪಿನ ಬಟ್ಟಲ ಮುಂದ ಇಡೂದು ಬಂದ್. ತಿಂಗಳೊಪ್ಪತ್ತಿನಾಗ ನಾಲಗಿ ಒಗ್ಗಿತು. ಈಗ ಮದುವಿ ಮನಿ ಊಟ ಇವರಿಗೇ ಉಪ್ಪುಪ್ಪು ಅನಸತೈತಿ.

ಚೀನಾ ದೇಶದ ಸುದ್ದಿ ಒಂದನ್ನ ಮಗಳು ಓದಿ ಹೇಳಿದ್ಲು. ಅಲ್ಲಿ 600 ಹಳ್ಳ್ಯಾಗ ಸುಮಾರು 21 ಸಾವಿರ ಮಂದಿನ್ನ ಐದು ವರ್ಷದ ಹತ್ರ ನೋಡಿದ್ರಂತ. ಹೆಚ್ಚಿನವರಿಗೆ ಮೊದಲ ಒಮ್ಮೆ ಲಕ್ವಾ ಹೊಡದಿತ್ತು. ಅರ್ಧ ಹಳ್ಳಿಗೆ ಕಾಲು ಭಾಗ ಪೊಟ್ಯಾಸಿಯಂ ಬೆರಸಿದ ಉಪ್ಪು ಕೊಟ್ರು, ಉಳದವರು ಇದ್ದ ಉಪ್ಪನ್ನ ತಿಂದ್ರು. 2021ರಾಗ ಲೆಕ್ಕಾ ಹೊರಗ ಬಂತು. ಉಪ್ಪು ಬದಲಿ ಮಾಡಿದವರೊಳಗ ಲಕ್ವಾ ನೂರಕ್ಕ 14 ಭಾಗ ಕಡಿಮಿ. ಆ ಉಪ್ಪು ಅಂಗಡ್ಯಾಗ ಸಿಗತೈತಿ, ಆದ್ರ ಕಿಡ್ನಿ ತೊಂದ್ರಿ ಇದ್ದವರಿಗೆ, ಕೆಲವು ಬಿಪಿ ಗುಳಿಗಿ ನುಂಗೋರಿಗೆ ಅದು ಅಪಾಯ. ಡಾಕ್ಟರನ್ನ ಕೇಳದ ತರಬ್ಯಾಡ್ರಿ. ನಮ್ಮವರಿಗೆ ಬ್ಯಾಡಂದ್ರು, ಅದಕ್ಕ ಇದ್ದದ್ದನ್ನ ಕಡಿಮಿ ಮಾಡೇವಿ.

ಉಪ್ಪೊಂದರಿಂದ ಎಲ್ಲಾ ಆತು ಅಂತಲ್ಲ. ಗುಳಿಗಿ ಈಗ ಚಾದ ಡಬ್ಬಿ ಪಕ್ಕಾ ಕುಂತೈತಿ. ನುಂಗಿದ ಮ್ಯಾಲ ಚಾ. ಬಿಪಿ 130/80ರ ಕೆಳಗ ಇರಬೇಕಂತ ನಮಗ ಹೇಳ್ಯಾರ. ಅದಕ್ಕ ಸರಕಾರಿ ದವಾಖಾನ್ಯಾಗ ಮ್ಯಾಲಿಂದ ಮ್ಯಾಲ ತೋರಸ್ತೇವಿ, ಬಿಪಿ ಗುಳಿಗೀನೂ ಅಲ್ಲೇ ಪುಕ್ಕಟ ಸಿಗತೈತಿ. ಮುಂಜಾನೆ ಅರ್ಧ ತಾಸು ಇಬ್ಬರೂ ಡ್ಯಾಮಿನ ಕಡೆ ನಡ್ಯಾಕ ಹೋಗ್ತೇವಿ. ಚಳಿಗಾಲದಾಗ ಕೆರಿ ತುಂಬ ಹಕ್ಕಿ. ಎಲ್ಲೆಲ್ಲಿಂದೋ ಮಂದಿ ಅವನ್ನ ನೋಡಾಕ ಬರ್ತಾರ, ಇಷ್ಟು ವರ್ಷ ನಾವ ಹೋಗಿದ್ದಿಲ್ಲ. ಚಂಚಿ ಬಿಡೂದು ಮಾತ್ರ ಭಾಳ ತ್ರಾಸಾತು. ಎರಡ ಸಲ ಬಿಟ್ಟು ಎರಡ ಸಲ ಹಿಡದ್ರು. ಮೂರನೇ ಸಲ ಅತ್ತಿಯವರೂ ಮಗನ ಜೊತಿ ತಂಬಾಕು ಬಿಟ್ರು, ಆವಾಗ ನಿಂತಿತು.

ಕಡೀ ಮಾತು. ಹಂಗೊಂದು ದಿನ ಇವರ ಬಿಪಿ ನೋಡಿದ ಮ್ಯಾಲ ನರ್ಸಬಾಯಿ ‘ನಿಮ್ಮದೂ ನೋಡೂಣ ಬರ್ರಿ’ ಅಂತ ನನ್ನ ತೋಳಿಗೆ ಪಟ್ಟಿ ಸುತ್ತಿದ್ರು. 154/96. ತಲಿನೋವಿಲ್ಲ, ಚಕ್ಕರ್ ಇಲ್ಲ, ಏನೂ ಇಲ್ಲ. ಇನ್ನೆರಡು ಸಲ ನೋಡಿದಾಗೂ ಹಂಗ ಇತ್ತು. ಗಂಡನ ಗುಳಿಗಿ ಕಾಯೋ ನಾವು ನಮ್ಮ ತೋಳು ಯಾರ ಮುಂದೂ ಚಾಚೂದಿಲ್ಲ ನೋಡ್ರಿ. ಈಗ ಚಾದ ಡಬ್ಬಿ ಪಕ್ಕಾ ಎರಡು ಗುಳಿಗಿ ಪಟ್ಟಿ ಅದಾವು.

ಹೋದ ಪಾಕೀಟು 41 ದಿನ ಬಂತು. ಐವತ್ತಕ್ಕ ಇನ್ನೂ ಮುಟ್ಟಿಲ್ಲ. ನಿಮ್ಮ ಮನ್ಯಾಗ ಎಷ್ಟು ದಿನ ಬರತೈತಿ, ಈ ಸಲ ಒಡದಾಗ ತಾರೀಖು ಬರದಿಡ್ರಿ.