ಎಲೆಗೆ ಬಡಿಸಿದ ರೋಗ



ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗ್ತದೆ ಎಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿದ್ದೇವೆ. ಕ್ಷಯ ಉಸಿರಿನಿಂದ, ಮಲೇರಿಯ ಸೊಳ್ಳೆಯಿಂದ, ಕಾಲರ ನೀರಿನಿಂದ. ಮೂರು ಮಾರ್ಕಿನ ಪ್ರಶ್ನೆ. ನಮ್ಮ ತುಳುನಾಡಿನಲ್ಲಿ ನಾಲ್ಕನೆಯ ದಾರಿಯೊಂದಿತ್ತು, ಅದನ್ನು ಯಾವ ಮೇಷ್ಟ್ರೂ ಪಾಠ ಮಾಡಲಿಲ್ಲ. ದೊಡ್ಡ ಮನೆಯಲ್ಲಿ ಬಸುರಿಗೆ ಕಂಟಕ ಉಂಟು ಅಂದರೆ, ಮಗುವಿಗೆ ದೋಷ ಉಂಟು ಅಂದರೆ, ಯಜಮಾನನ ಜ್ವರ ಬಿಡುವುದಿಲ್ಲ ಅಂದರೆ, ಅವರ ಕೂದಲು, ಉಗುರು ಅನ್ನಕ್ಕೆ ಕಲಸುವುದು. ಕೊರಗರನ್ನು ಕರೆಸಿ ಅಂಗಳದ ಆಚೆ ಕೂರಿಸಿ ಎಲೆ ಹಾಕುವುದು. ಅವರು ತಿಂದರೆ ಆಯಿತು, ರೋಗ ದಾಟಿತು. ದೊಡ್ಡ ಮನೆಗೆ ಆರೋಗ್ಯ ಬಂತು.

ಇದಕ್ಕೆ ಅಜಲು ಎಂದು ಹೆಸರು. ತುಳುವಿನಲ್ಲಿ ಅಜಲು ಅಂದರೆ ತಲೆತಲಾಂತರದಿಂದ ಬಂದ ಚಾಕರಿಯ ಹಕ್ಕು. ನೋಡಿ ಸ್ವಾಮಿ, ಹಕ್ಕು! ಭೂಮಿಯ ಹಕ್ಕು ಅವರಿಗೆ, ದೇವಸ್ಥಾನದ ಮೊದಲ ಪ್ರಸಾದದ ಹಕ್ಕು ಅವರಿಗೆ, ಅವರ ರೋಗ ತಿನ್ನುವ ಹಕ್ಕು ನಮಗೆ.

2000ದಲ್ಲಿ ಕರ್ನಾಟಕ ಸರಕಾರ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ತಂದಿತು. ಅಜಲು ಎಂದರೆ ಎಂತ ಎಂದು ಆ ಕಾಯಿದೆ ಮೂರು ಮಾತಿನಲ್ಲಿ ಹೇಳುತ್ತದೆ. ಕೊರಗರನ್ನು ಕೀಳು ಮನುಷ್ಯರೆಂದು ಬೇರೆ ಮಾಡುವುದು. ಕೂದಲು, ಉಗುರು ಮುಂತಾದ ತಿನ್ನಬಾರದ್ದನ್ನು ಅನ್ನಕ್ಕೆ ಬೆರೆಸಿ ತಿನ್ನಿಸುವುದು. ಕಂಬಳ ಸುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿ ಐವತ್ತು ವರ್ಷವಾದ ಮೇಲೆ, ಮನುಷ್ಯನಿಗೆ ಉಗುರು ತಿನ್ನಿಸಬಾರದು ಎಂದು ಒಂದು ರಾಜ್ಯ ಬೇರೆ ಕಾಯಿದೆ ಬರೆಯಬೇಕಾಯಿತು. ನಾವು ಹುಟ್ಟಿದ್ದು ಆ ಕಾಯಿದೆಯ ಆಸುಪಾಸಿನಲ್ಲಿ. ನಮಗೂ ಅದಕ್ಕೂ ಹೆಚ್ಚುಕಮ್ಮಿ ಒಂದೇ ಪ್ರಾಯ.

ನಾವು ಬಜಗೋಳಿ ಕಡೆಯವರು. ಕಾರ್ಕಳದ ಬಸ್ಸು ಬಜಗೋಳಿಗೆ ಬಂದರೆ ಅಲ್ಲಿಂದ ಒಂದು ದಾರಿ ಮಾಳದ ಘಾಟಿ ಹತ್ತಿ ಕುದುರೆಮುಖಕ್ಕೆ, ಇನ್ನೊಂದು ನಾರಾವಿಯ ಮೇಲೆ ಧರ್ಮಸ್ಥಳಕ್ಕೆ. ಚಾರಣದವರು ಆ ಕಡೆ, ಹರಕೆಯವರು ಈ ಕಡೆ. ನಮ್ಮ ಕೊಪ್ಪಕ್ಕೆ ಹೋಗುವುದು ಮೂರನೇ ದಾರಿ, ಅದು ಕಾಲುದಾರಿ. ಕೊಪ್ಪ ಅಂದರೆ ಕೊರಗರ ಗುಡಿಸಲುಗಳ ಗುಂಪು. ಈಗ ಕೆಲವಕ್ಕೆ ಹಂಚು ಬಂದಿದೆ, ಕಾಲನಿ ಎಂಬ ಬೋರ್ಡು ಬಂದಿದೆ. ಆ ಕೊಪ್ಪದಿಂದ ಡಿಗ್ರಿ ಹಿಡಿದು ಇಳಿದ ಮೊದಲ ಮಂದಿ ನಾವು. ಕಾಡಿನ ಬೀಳು ತಂದು ಬುಟ್ಟಿ ಹೆಣೆಯುವ ಕೈಗಳ ನಡುವೆ ಕೂತು ಪದ್ಯ ಬರೆದವರು.

ಕಾಯಿದೆ ಅನ್ನದಲ್ಲಿದ್ದ ಕೂದಲನ್ನು ತೆಗೆಯಿತು. ಗಂಟಲಲ್ಲಿ ಉಳಿದದ್ದನ್ನು ಯಾರು ತೆಗೆಯುವುದು?

ನಾವಿದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ನಮ್ಮಜ್ಜಿಗೆ ಗಂಟಲಲ್ಲಿ ಕೂದಲು ಸಿಕ್ಕಿದ ಹಾಗೆ ಆಗುತ್ತಿತ್ತು. ಉಣ್ಣಲು ಕೂತರೆ ಎರಡು ತುತ್ತಿಗೆ ಕೈ ನಿಲ್ಲುತ್ತಿತ್ತು. ಕಾಯಿದೆ ಬಂದು ಎಷ್ಟೋ ವರ್ಷದ ಮೇಲೂ, ನಮ್ಮದೇ ಒಲೆಯ ಗಂಜಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದದ್ದು. ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಕೊಳವೆ ಇಳಿಸಿ ನೋಡಿದರು, ಎಂತದೂ ಇಲ್ಲ ಅಂದರು. ಗ್ಯಾಸಿನ ಮಾತ್ರೆ ಕೊಟ್ಟರು. ಟೆನ್ಶನ್ ಮಾಡಬೇಡಿ ಅಜ್ಜಿ ಅಂದರು. ಚೀಟಿಯಲ್ಲಿ ವಯಸ್ಸು, ತೂಕ, ಬೀಪಿ ಎಲ್ಲ ಬರೆದರು. ಯಾರ ಮನೆಯಲ್ಲಿ ಎಂತ ತಿಂದಿದ್ದೀರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಪ್ರಶ್ನೆ ಅವರ ಫಾರಮ್ಮಿನಲ್ಲಿ ಇರಲಿಲ್ಲ.

ಅಜ್ಜಿಗೆ ಆರು ಹೆರಿಗೆ. ಎರಡು ಕೂಸು ವರ್ಷ ತುಂಬುವ ಮೊದಲೇ ಹೋದವು. ಜ್ವರ ಬಂದು ಹೋದವು, ಹಾಲಿಲ್ಲದೆ ಹೋದವು, ಮಳೆಗಾಲದಲ್ಲಿ ಸೊಪ್ಪಿನ ಮಾಡು ಸೋರಿ ಹೋದವು ಎಂದು ನಾವು ಓದಿದವರು ಲೆಕ್ಕ ಹಾಕುತ್ತೇವೆ. ಅಜ್ಜಿಯ ಲೆಕ್ಕ ಬೇರೆ. "ಆ ಮನೆಯ ಮಗು ಬದುಕ್ತು. ನನ್ನದು ಹೋಯ್ತು. ತಿಂದದ್ದು ನಾನಲ್ವಾ?"

ಈ ಒಂದು ಮಾತಿನ ಎದುರು ನಮ್ಮ ಡಿಗ್ರಿ ಸಪ್ಪೆಯಾಗುತ್ತದೆ. ಉಣಿಸಿದವರು ನೆಮ್ಮದಿಯಾಗಿ ಮಲಗಿದರು. ಉಂಡವಳು ತನ್ನ ಮಕ್ಕಳನ್ನು ತಾನೇ ಕೊಂದೆ ಎಂದು ನಲವತ್ತು ವರ್ಷ ನಿದ್ದೆಗೆಟ್ಟಳು. ರೋಗ ದಾಟುವುದಿಲ್ಲ ಎಂದು ನಮಗೆ ಗೊತ್ತು. ಆದರೆ ತಪ್ಪು ದಾಟಿತು. ಮಾಡಿದವರ ತಪ್ಪು ಉಂಡವಳ ತಲೆಗೆ ಬಂದು ಕೂತಿತು. ಅಜಲಿನ ನಿಜವಾದ ಕೆಲಸ ಇದು. ಇದನ್ನು ಅಳೆಯುವ ತಕ್ಕಡಿ ಯಾವ ಆಸ್ಪತ್ರೆಯಲ್ಲಿ ಉಂಟು?

ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರದ ಪಾಠವೂ ಇತ್ತು. ಮನಸ್ಸು ಒಬ್ಬನ ತಲೆಯೊಳಗಿನ ವಸ್ತು, ಅದು ಕೆಟ್ಟರೆ ಅವನ ಬಾಲ್ಯ ನೋಡಬೇಕು, ಅವನ ತಾಯಿಯನ್ನು ನೋಡಬೇಕು ಎಂದು ಹೇಳಿಕೊಟ್ಟರು. ಅವನ ಊರನ್ನು ನೋಡಬೇಕು ಎಂದು ಹೇಳಲಿಲ್ಲ. ಜಾತಿ ಇಟ್ಟಿಗೆಯ ಗೋಡೆಯಲ್ಲ, ಅದು ಮನಸ್ಸಿನ ಒಂದು ಸ್ಥಿತಿ ಎಂದು 1936ರಲ್ಲೇ ಬಾಬಾಸಾಹೇಬರು ಬರೆದಿದ್ದರು. ಹಾಗಾದರೆ ಮದ್ದು ಬೇಕಾದದ್ದು ಯಾರ ಮನಸ್ಸಿಗೆ? ಫ್ರಾಂಟ್ಸ್ ಫೆನಾನ್ ಎಂಬ ಕಪ್ಪು ಮನೋವೈದ್ಯ 1953ರಿಂದ 1956ರವರೆಗೆ ಅಲ್ಜೀರಿಯದ ಬ್ಲೀಡಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದ. ಜನರನ್ನು ಅವರ ನೆಲದಲ್ಲೇ ಪರಕೀಯರನ್ನಾಗಿ ಮಾಡುವ ಆಳ್ವಿಕೆಯ ಒಳಗೆ ಕೂತು ಒಬ್ಬೊಬ್ಬರ ತಲೆ ಸರಿಮಾಡುವುದರಲ್ಲಿ ಅರ್ಥ ಎಲ್ಲಿದೆ ಎಂದು ರಾಜೀನಾಮೆ ಕೊಟ್ಟ. ಅವನ ಹೆಸರು ನಮಗೆ ಪಾಠದ ಪುಸ್ತಕದಲ್ಲಿ ಸಿಗಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಕೈಯಿಂದ ಕೈಗೆ ಬಂದ ಜೆರಾಕ್ಸಿನಲ್ಲಿ ಸಿಕ್ಕಿತು.

ಈಗ ಗಾಳಿ ಬದಲಾಗಿದೆ. ದೇಶೀ ಮನಶ್ಶಾಸ್ತ್ರ, ಮೂಲನಿವಾಸಿಗಳ ಜ್ಞಾನ, ಜನಪದ ವೈದ್ಯ ಎಂದು ವಿಚಾರಸಂಕಿರಣಗಳು ನಡೆಯುತ್ತವೆ. ನಮ್ಮನ್ನೂ ಕರೆಯುತ್ತಾರೆ, ಡೋಲು ತನ್ನಿ ಎನ್ನುತ್ತಾರೆ. ಒಳ್ಳೆಯದೇ. ಆದರೆ ಒಂದು ಮಾತು ಕೇಳಬೇಕು ಮಾರಾಯ್ರೆ. ಅಜಲೂ ದೇಶಿಯೇ ಅಲ್ಲವೇ? ಅದು ಪರಂಗಿಯವರ ಹಡಗಿನಲ್ಲಿ ಬಂದದ್ದಲ್ಲ. ಅಪ್ಪಟ ಈ ಮಣ್ಣಿನ ರೋಗಶಾಸ್ತ್ರ. ಒಬ್ಬನ ಭಯಕ್ಕೆ ಇನ್ನೊಬ್ಬನ ಹೊಟ್ಟೆಯನ್ನು ತಿಪ್ಪೆ ಮಾಡುವ ಶಾಸ್ತ್ರ. ಆದ್ದರಿಂದ ದೇಶಿ ಎಂದು ಯಾರಾದರೂ ಕೊಂಡಾಡಿದಾಗ ನಾವು ಮೊದಲು ಕೇಳುವ ಪ್ರಶ್ನೆ: ಯಾರ ದೇಶಿ? ಎಲೆಯ ಯಾವ ಬದಿಗೆ ಕೂತವರ ದೇಶಿ?

ಎಲೆಯ ಈ ಬದಿಗೆ ಕೂತವರಿಗೂ ಮನಸ್ಸಿನ ಬಗ್ಗೆ ಗೊತ್ತಿತ್ತು. ಖಿನ್ನತೆ ಎಂಬ ಶಬ್ದ ನಮ್ಮ ಕೊಪ್ಪದಲ್ಲಿ ಯಾರ ಬಾಯಲ್ಲೂ ಇಲ್ಲ. ಮಂಡೆ ಬೆಚ್ಚ ಅನ್ನುತ್ತಾರೆ. ತಲೆ ಬಿಸಿಯಾಗಿದೆ ಅಂದರೆ ಹೊರಗೆ ಎಲ್ಲೋ ಬೆಂಕಿ ಉಂಟು ಎಂದು ಅರ್ಥ. ಉಡಲ್ ಎಂಬ ತುಳು ಶಬ್ದ ಉಂಟು, ಹೃದಯವೂ ಅದೇ, ಒಡಲೂ ಅದೇ. ಮನಸ್ಸು ಬೇರೆ, ಹೊಟ್ಟೆ ಬೇರೆ ಎಂದು ಹಸಿದವರ ಭಾಷೆ ಭೇದ ಮಾಡುವುದಿಲ್ಲ. ಮಂಡೆ ಬೆಚ್ಚ ಆದವರನ್ನು ಒಬ್ಬರನ್ನೇ ಬಿಡಬಾರದು, ನಾಲ್ಕು ಜನ ಬುಟ್ಟಿ ಹೆಣೆಯುವಲ್ಲಿ ಕೂರಿಸಿ ಕೈಗೊಂದು ಬೀಳು ಕೊಡಬೇಕು ಎಂದು ಹಿರಿಯರು ಹೇಳುತ್ತಿದ್ದರು. ಮಾತಾಡಬೇಕೆಂದಿಲ್ಲ. ಬೆರಳು ಆಡಿದರೆ ಉಸಿರು ತಾನೇ ದಾರಿಗೆ ಬರುತ್ತದೆ. ಇದು ನಮ್ಮ ಆಸ್ಪತ್ರೆ. ಆದರೆ ಈಗ ಬೀಳು ತರಲು ಕಾಡಿಗೆ ಹೋದರೆ ಗಾರ್ಡು ಕೇಳುತ್ತಾನೆ, ಬುಟ್ಟಿ ತೆಗೆದುಕೊಂಡು ಪೇಟೆಗೆ ಹೋದರೆ ಪ್ಲಾಸ್ಟಿಕ್ಕು ನಗುತ್ತದೆ.

ನ್ಯೂಜಿಲೆಂಡಿನ ಮಾವೋರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದಲ್ಲಿ ಹೇಳಿದ್ದು ಇಂಥದೇ ಮಾತು. ಆರೋಗ್ಯ ಒಂದು ಮನೆ. ಅದಕ್ಕೆ ನಾಲ್ಕು ಗೋಡೆ: ದೇಹ, ಮನಸ್ಸು, ಕುಟುಂಬ, ಆತ್ಮ. ಒಂದು ಬಿದ್ದರೂ ಮನೆ ನಿಲ್ಲುವುದಿಲ್ಲ. ಓದಿ ಸಂತೋಷವಾಯಿತು. ನಾವು ಸೇರಿಸುವುದು ಇಷ್ಟೇ: ನಾಲ್ಕು ಗೋಡೆ ಕಟ್ಟಲು ಮೊದಲು ಅಡಿಗೆ ಜಾಗ ಬೇಕು. ಡಾ. ಮಹಮ್ಮದ್ ಪೀರ್ ವರದಿ ಕೊರಗ ಕುಟುಂಬವೊಂದಕ್ಕೆ ಎರಡೂವರೆ ಎಕ್ರೆ ಭೂಮಿ ಕೊಡಿ ಎಂದು 1990ರ ದಶಕದಲ್ಲೇ ಹೇಳಿತು. ಆ ಭೂಮಿಗಾಗಿ ನಡೆದ ಹೋರಾಟದ ನೆನಪಿಗೆ ನಮ್ಮವರು ವರ್ಷವೂ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಮಾಡುತ್ತಾರೆ. ಹಬ್ಬ ಬರುತ್ತದೆ, ಹೋಗುತ್ತದೆ. ಎರಡೂವರೆ ಎಕ್ರೆ ಬಹುಪಾಲು ಮನೆಗಳಿಗೆ ಕಾಗದದಲ್ಲೇ ಉಂಟು.

ಕೊರಗಜ್ಜನ ಕತೆ ನಿಮಗೆ ಗೊತ್ತಲ್ಲ. ಪಾಡ್ದನದ ಕೊರಗ ತನಿಯ, ಏಳಾಳಿನ ಹೊರೆ ಒಬ್ಬನೇ ಹೊತ್ತವನು. ಹೊರೆ ದೇವಸ್ಥಾನಕ್ಕೆ ಬೇಕು, ಹೊತ್ತವನು ಒಳಗೆ ಬರಬಾರದು. ಅವನು ಅಲ್ಲೇ ಮಾಯವಾದ, ದೈವವಾದ. ಇಂದು ಕಾರಿನಲ್ಲಿ ಬಂದವರು ಅವನ ಕಟ್ಟೆಗೆ ಚಕ್ಕುಲಿ, ವೀಳ್ಯ, ಕಳ್ಳು ಇಟ್ಟು ಕೈಮುಗಿಯುತ್ತಾರೆ. ಕಳೆದ ಚಿನ್ನ ಸಿಗಲಿ, ಕೆಟ್ಟ ಮನಸ್ಸು ನೆಟ್ಟಗಾಗಲಿ ಎಂದು ಹರಕೆ ಹೇಳುತ್ತಾರೆ. ಎಷ್ಟೋ ಜನಕ್ಕೆ ಅಲ್ಲಿ ಸಮಾಧಾನ ಸಿಕ್ಕಿದೆ, ನಾವದನ್ನು ಹಗುರ ಮಾಡುವುದಿಲ್ಲ. ಆದರೆ ಮಾಯವಾದ ಕೊರಗನಿಗೆ ಮುಗಿಯುವ ಕೈ ಎದುರಿಗೆ ನಿಂತ ಕೊರಗನಿಗೆ ಲೋಟ ಕೊಡುವಾಗ ಯಾಕೆ ಮೇಲೆ ಹೋಗುತ್ತದೆ? ನಾವು ಕಾಣಬೇಕಾದರೆ ಮಾಯವಾಗಬೇಕೇ?

ಮಾಯವಾಗುತ್ತಿದ್ದೇವೆ ಕೂಡ. 2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 16,071. 2011ರಲ್ಲಿ 14,794. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನ 5.28 ಕೋಟಿಯಿಂದ 6.11 ಕೋಟಿಗೆ ಏರಿದರು. ಎಲ್ಲರೂ ಹೆಚ್ಚುವಾಗ ನಾವು ಮಾತ್ರ 1,277 ಕಮ್ಮಿಯಾದೆವು. ಸರಕಾರದ ಪಟ್ಟಿಯಲ್ಲಿ ಈ ರಾಜ್ಯದ ಎರಡು ಬುಡಕಟ್ಟುಗಳು ಅತಿ ದುರ್ಬಲ: ಜೇನುಕುರುಬರು, ಕೊರಗರು. ಮೊದಲು ನಮ್ಮನ್ನು ಆದಿಮ ಎನ್ನುತ್ತಿದ್ದರು, 2006ರಿಂದ ವಿಶೇಷವಾಗಿ ದುರ್ಬಲ ಎನ್ನುತ್ತಾರೆ. ನಾವು ದುರ್ಬಲರಾದದ್ದೋ, ಮಾಡಿದ್ದೋ? ವ್ಯಾಕರಣ ಬಲ್ಲವರು ಹೇಳಲಿ.

ನಮ್ಮ ಗಂಡಸರ ಕುಡಿತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾವೂ ಮಾತಾಡುತ್ತೇವೆ, ಮುಚ್ಚಿಡುವುದಿಲ್ಲ. ಮೇಲಿನವ ತನ್ನ ಕೆಳಗಿನವನಿಗೆ ದಾಟಿಸಿದ, ಅವನು ಅವನ ಕೆಳಗಿನವನಿಗೆ ದಾಟಿಸಿದ. ಮೆಟ್ಟಲಿನ ಕೊನೆಗೆ ನಿಂತ ನಮ್ಮ ಕೆಳಗೆ ಯಾರೂ ಇರಲಿಲ್ಲ. ದಾಟಿಸಲು ಜಾಗವಿಲ್ಲದ ಅವಮಾನವನ್ನು ನಮ್ಮ ಗಂಡಸರು ಬಾಟಲಿಗೆ ಸುರಿದುಕೊಂಡರು, ಅಲ್ಲಿಂದ ಹೆಂಡತಿಯ ಬೆನ್ನಿಗೆ ಇಳಿಸಿದರು. ಅಂದರೆ ಅಜಲು ನಮ್ಮ ಗುಡಿಸಲೊಳಗೂ ಹೊಕ್ಕಿತು. ಉಣ್ಣುವ ಕೊನೆಯ ಎಲೆ ನಮ್ಮ ಹೆಂಗಸರದ್ದು. ಮೇಲಿನವರನ್ನು ಕೇಳುವ ಪ್ರಶ್ನೆಯನ್ನು ನಮ್ಮ ಅಣ್ಣಂದಿರಿಗೂ ಕೇಳದಿದ್ದರೆ ಈ ಬಂಡಾಯ ಅರ್ಧದ್ದೇ.

ಮತ್ತೆ ನಮ್ಮ ಡೋಲು. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕೂತು ಬೇರೆಯವರ ಗದ್ದೆಗೆ ಬಾರಿಸಿದಾಗ ಯಾರಿಗೂ ಸದ್ದು ಜಾಸ್ತಿ ಅನ್ನಿಸಲಿಲ್ಲ. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗ ಕಾಲನಿಯಲ್ಲಿ ನಮ್ಮವರು ತಮ್ಮದೇ ಮದುವೆಯ ಮೆಹಂದಿಗೆ ಹಾಡು ಹಾಕಿದರು. ಸದ್ದು ಜಾಸ್ತಿಯಾಯಿತು ಎಂದು ಪೊಲೀಸರು ಬಂದರು, ಲಾಠಿ ಬೀಸಿದರು. ಸುದ್ದಿಯಾಯಿತು, ಎಸ್‌ಐ ಅಮಾನತಾದರು. ಅಮಾನತು ಆಗುತ್ತದೆ, ವಾಪಸು ಆಗುತ್ತದೆ. ಆ ರಾತ್ರಿಯ ಭಯ ಯಾವ ಆದೇಶದಿಂದ ಅಮಾನತು ಆಗುತ್ತದೆ? ತನ್ನ ಸಂತೋಷಕ್ಕೆ ಸದ್ದು ಮಾಡಲು ಹೆದರುವ ಮಗು ನಾಳೆ ಕ್ಲಾಸಿನಲ್ಲಿ ಕೈ ಎತ್ತುತ್ತದೆಯೇ?

ನಾವು ಕೇಳುವುದು ದೊಡ್ಡದೇನಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಜಾತಿಯ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಹಾಗಾದರೆ ಆ ಹಕ್ಕು ಕಾಲುದಾರಿ ಹತ್ತಿ ಕೊಪ್ಪಕ್ಕೆ ಬರಲಿ. ತುಳು ಮತ್ತು ಕೊರಗ ಭಾಷೆ ತಿಳಿದವರು, ಆದರೆ ನಮ್ಮದೇ ಹುಡುಗಿಯರು, ಸಂಬಳದ ಕೆಲಸವಾಗಿ ಆ ಕುರ್ಚಿಯಲ್ಲಿ ಕೂರಲಿ. ಮಂಡೆ ಬೆಚ್ಚ ಎಂದವರಿಗೆ ಮಾತ್ರೆ ಬೇಕಾದರೆ ಕೊಡಲಿ, ನಾವು ಮಾತ್ರೆಯ ವಿರೋಧಿಗಳಲ್ಲ. ಜೊತೆಗೆ ಬೆಂಕಿ ಎಲ್ಲಿ ಉಂಟು ಎಂದೂ ಕೇಳಲಿ. ಪಡಿತರದ ಮೊಟ್ಟೆ, ಕಾಳು ಬರಲಿ. ಎರಡೂವರೆ ಎಕ್ರೆಯೂ ಬರಲಿ. ಭೂಮಿಯೂ ಮದ್ದೇ.

ಇನ್ನು ಎಲೆ ಹಾಕಿದವರ ಮಕ್ಕಳು, ಮೊಮ್ಮಕ್ಕಳಿಗೆ ಒಂದು ಮಾತು. ನಿಮ್ಮ ಮನೆಯಲ್ಲೂ ಹಿರಿಯರು ಇದ್ದಾರು. ಅವರನ್ನು ಕೂರಿಸಿ ಕೇಳಿ: ಅಂದು ಯಾರನ್ನು ಕರೆಸಿದ್ದಿರಿ, ಅನ್ನಕ್ಕೆ ಎಂತ ಹಾಕಿದ್ದಿರಿ? ಅವರು ತಲೆ ತಗ್ಗಿಸಬಹುದು, ಸಿಟ್ಟಾಗಬಹುದು, ಮರೆತುಹೋಗಿದೆ ಎನ್ನಬಹುದು. ಆದರೂ ಕೇಳಿ. ನಮ್ಮ ಹೊಟ್ಟೆ ಇಷ್ಟು ಕಾಲ ಹೊತ್ತದ್ದನ್ನು ನಿಮ್ಮ ಚಾವಡಿಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳುವವರೆಗೆ ಆ ಮನೆಯ ಕಾಯಿಲೆ ವಾಸಿಯಾಗಿಲ್ಲ. ಅದನ್ನು ತಿನ್ನಲಿಕ್ಕೆ ನಾವು ಇನ್ನು ಬರುವುದಿಲ್ಲ.